ನಲವತ್ತನೆಯ ಜಾಗ

ನಮ್ಮ ಕಚೇರಿಯಲ್ಲೊಂದು ನಿಯಮವಿದೆ. ಉಪಗ್ರಹದ ಚಿತ್ರ ನೋಡಿ ನಕ್ಷೆಗೆ ಬಣ್ಣ ತುಂಬಿದ ಮೇಲೆ, ನಲವತ್ತು ಜಾಗಗಳಿಗೆ ಖುದ್ದಾಗಿ ಹೋಗಿ, ನೆಲ ನೋಡಿ ಬರೆದು ತರಬೇಕು. ಮೂವತ್ತೊಂಬತ್ತಕ್ಕೆ ಹೋದೆ. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿಯಿತು, ನಾಯಿ ಅಟ್ಟಿಸಿಕೊಂಡು ಬಂತು, ಆದರೂ ಹೋದೆ. ನಲವತ್ತನೆಯದು ನಾನು ಆಡಿ ಬೆಳೆದ ಇಳಿಜಾರು, ಈಗ ಅಕ್ಕನ ಹೊಲ. ಅಲ್ಲಿ ನೋಡುವುದೇನಿದೆ? ಕಣ್ಣು ಕಟ್ಟಿ ಬಿಟ್ಟರೂ ನಡೆಯಬಲ್ಲೆ. ಚಿತ್ರದಲ್ಲೂ ಹಸಿರೇ ಇತ್ತು. ಕುರ್ಚಿಯಲ್ಲೇ ಕೂತು ‘ಹುಲ್ಲುಗಾವಲು, ಮಣ್ಣು ಭದ್ರ’ ಎಂದು ಬರೆದು ರುಜು ಹಾಕಿದೆ. ಜಾಣೆ ನಾನು!

ಆ ಒಂದು ಸಾಲಿನಿಂದ ಇಳಿಜಾರು ‘ಚೇತರಿಸಿಕೊಂಡ ಭೂಮಿ’ಯ ಪಟ್ಟಿಗೆ ಸೇರಿತು. ಮಣ್ಣು ತಡೆಯಲು ಅಲ್ಲಿ ಕಟ್ಟಬೇಕಿದ್ದ ಕಲ್ಲಿನ ಬದುಗಳು ಬೇರೆ ಗುಡ್ಡದ ಪಾಲಾದವು.

ಮಳೆಗಾಲ ಮುಗಿದ ವಾರ ಅಕ್ಕ ಫೋನ್ ಮಾಡಿದಳು.

“ಬದು ಕಟ್ಟೋರು ಬರಲೇ ಇಲ್ಲ ಕಣೇ. ಹೊಲದ ನಡುವೆ ಆಳೆತ್ತರದ ಕೊರಕಲು ಬಿದ್ದಿದೆ. ಕೆಳಗಿನ ಅರ್ಧ ನೀರಲ್ಲಿ ಕೊಚ್ಕೊಂಡು ಹೋಯ್ತು.”

“ಅಲ್ಲಿ ಹುಲ್ಲಿತ್ತಲ್ಲಕ್ಕಾ?”

“ಯಾವ ಕಾಲದ ಮಾತೇ ಅದು! ಹುಲ್ಲು ಹೋಗಿ ಆರು ವರ್ಷ ಆಯ್ತು. ಈಗಿರೋದು ಬರೀ ಮುಳ್ಳುಕಂಟಿ. ಅದರ ಬುಡದಲ್ಲಿ ಒಂದು ಹಿಡಿ ಮಣ್ಣೂ ನಿಲ್ಲಲ್ಲ. ನೀನು ಈ ಕಡೆ ಬಂದಿದ್ರೆ ತಾನೇ ಗೊತ್ತಾಗೋದು?”

ಮೇಲಿನಿಂದ ನೋಡಿದರೆ ಮುಳ್ಳುಕಂಟಿಯೂ ಹಸಿರೇ, ಮೋಸ ಹೋಗಬೇಡಿ ಎಂದು ಹೊಸಬರಿಗೆ ಪಾಠ ಹೇಳುವವಳೇ ನಾನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ.

ಮೇಲಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡೆ. “ನಕ್ಷೆ ಅಚ್ಚಾಗಿ ಹೋಯ್ತಲ್ಲಮ್ಮ. ಇನ್ನು ತಿದ್ದೋದು ಐದು ವರ್ಷಕ್ಕೆ. ಇಷ್ಟು ಹಸಿರು ತೋರಿಸಿದ್ದಕ್ಕೆ ಶಹಬ್ಬಾಸ್‌ಗಿರಿ ಬೇರೆ ಸಿಕ್ಕಿದೆ, ಸುಮ್ನಿರಿ,” ಎಂದು ಟೀ ಹೀರಿದರು. ನಾನೂ ಸುಮ್ಮನಾದೆ. ಥೂ, ನನ್ನ ಜನ್ಮಕ್ಕಿಷ್ಟು!

ಬದು ಯಾಕೆ ಬರಲಿಲ್ಲವೆಂದು ಕೇಳಲು ಮರುದಿನ ಅಕ್ಕನೇ ಕಚೇರಿಗೆ ಬಂದಳು. ಗೋಡೆಯ ಮೇಲಿನ ನಕ್ಷೆಯಲ್ಲಿ ಅವಳ ಹೊಲ ತೋರಿಸಿದೆ.

“ಇಲ್ಲಿ ಹುಲ್ಲಿದೆ ಅಂತ ಬರೆದಿದ್ದು ಯಾರು?”

“ನಾನೇ ಅಕ್ಕ. ನೋಡದೇ ಬರೆದೆ.”

ಕೆನ್ನೆಗೆ ಬಾರಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಆ ಹಸಿರಿನ ಮೇಲೆ ಹೆಬ್ಬೆರಳು ಆಡಿಸಿದಳು.

“ನಾವು ಚಿಕ್ಕವರಿದ್ದಾಗ ಹೀಗೇ ಇತ್ತು, ಅಲ್ವಾ?” ಎಂದಳು. “ಇಂಥದ್ದೇ ಒಂದು ನಕ್ಷೆ ಸುತ್ತಿ ಕೊಡು. ನಾಳೆ ಮಕ್ಕಳು ಪಾಲು ಕೇಳಿದ್ರೆ ಇದನ್ನೇ ಹರಿದು ಹಂಚ್ತೀನಿ.”

ಸುತ್ತಿ ಕೊಟ್ಟೆ.