ಬಾಣಂತಿ ಕೋಣೆಯ ಜೋಳ

ರಾಚಯ್ಯನಿಗೆ ಅವನ ಮೂಗೇ ವೈರಿ. ವಲಾಂಡಿ ಊರಿನ ಅವನ ಹೊಲದಲ್ಲಿ ಮೂರು ವರ್ಷದಿಂದ ತೊಗರಿ ಹೂವಿಗೆ ಬರುವ ಹೊತ್ತಿಗೇ ನೆಟೆರೋಗ ತಗುಲಿ ಒಣಗುತ್ತಿತ್ತು. ಸೊಸೆ ಉಜ್ವಲಾ ಉದಗೀರದ ತರಬೇತಿಗೆ ಹೋಗಿ ಟ್ರೈಕೋಡರ್ಮಾ ಎಂಬ ಒಳ್ಳೆಯ ಬೂಷ್ಟಿನ ಬೀಜ ತಂದಳು. ಬೇಯಿಸಿದ ಜೋಳದ ಚೀಲಗಳಿಗೆ ಅದನ್ನು ಹಾಕಿ ಏಳು ದಿನ ಮುಟ್ಟದೆ ಬಿಟ್ಟರೆ ಹಸಿರು ಬೂಷ್ಟು ಬೆಳೆಯುತ್ತದೆ. ಗೊಬ್ಬರದ ಜೊತೆ ಮಣ್ಣಿಗೆ ಸೇರಿಸಿದರೆ ನೆಟೆರೋಗದ ಬೂಷ್ಟನ್ನು ತಿಂದುಹಾಕುತ್ತದೆ. ಮುಟ್ಟದೆ ಬಿಡುವುದು ರಾಚಯ್ಯನ ಜಾಯಮಾನವೇ ಅಲ್ಲ. ಎರಡು ಸಲ ಚೀಲ ಬಿಚ್ಚಿ ಮೂಸಿದ. ಎರಡು ಸಲವೂ ಹೊರಗಿನ ಸೋಂಕು ತಗುಲಿ ಜೋಳ ಕರ್ರಗೆ ಕೊಳೆಯಿತು.

ಬಿತ್ತನೆಗೆ ಒಂಬತ್ತೇ ದಿನ, ಬೂಷ್ಟಿನ ಬೀಜ ಒಂದೇ ಹಿಡಿ ಉಳಿದಿತ್ತು. ಉಜ್ವಲಾ ಜಗಳವಾಡಲಿಲ್ಲ. ಹೊಸ ಚೀಲಗಳನ್ನು ಒಳಕೋಣೆಯಲ್ಲಿಟ್ಟು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊಸ್ತಿಲಲ್ಲಿ ಕುಡುಗೋಲಿಟ್ಟಳು. ಅದು ಬಾಣಂತಿ ಕೋಣೆಯ ಗುರುತು. ಅಂಥ ಕೋಣೆಗೆ ಗಂಡಸರು ಕಾಲಿಡಬಾರದೆಂದು ಊರಿಗೆಲ್ಲ ಹೇಳಿಕೊಂಡು ಬಂದವನೇ ರಾಚಯ್ಯ. ಈಗ ತಾನೇ ಅದನ್ನು ಮೀರುವಂತಿಲ್ಲ.

ಸಿಕ್ಕಿಬಿದ್ದ ಕಳ್ಳ ಕಾವಲುಗಾರನಾದ. ಬಾಗಿಲೆದುರು ಕಂಬಳಿ ಹಾಸಿ ಕೂತುಬಿಟ್ಟ. ಬೇವು ಕಂಡ ಹೆಂಗಸರು ಕೊಬ್ಬರಿ, ಸಬ್ಬಸಿಗೆ ಸೊಪ್ಪು ಹಿಡಿದು ಬಂದರು. ಬಾಣಂತಿ ಯಾರೆಂದು ಕೇಳಲು ಅವರಿಗೆ ಸಂಕೋಚ, ಬೇಡವೆನ್ನಲು ಅವನಿಗೆ ಸಂಕೋಚ. ಕುರಿ ಕಾಯುವ ಮನೆಯ ಮಲಕಮ್ಮ ಕೂಸಿನ ತಲೆಗೆ ಹಾಕಲು ತಾನೇ ಹೊಲಿದ ಕುಂಚಿಗೆಯನ್ನೂ ಕೊಟ್ಟು ಹೋದಳು. ಬೂಷ್ಟು ನೋಡಲೆಂದೇ ನಿಲಂಗಾದಿಂದ ಬಂದ ಕೃಷಿ ಅಧಿಕಾರಿಯನ್ನು ರಾಚಯ್ಯ ಕಾಲು ತೊಳೆಸಿ ಅಂಗಳದಲ್ಲೇ ಕೂರಿಸಿದ.

"ಇನ್ನಾ ಐದು ದಿವ್ಸ ತುಂಬಿಲ್ಲರೀ ಸಾಹೇಬ. ಯಾರ್ದೂ ನೆದರ ಬೀಳಬಾರ್ದು," ಎಂದ.

ಅಧಿಕಾರಿ ಚಹಾ ಕುಡಿದು, ವಹಿಯಲ್ಲಿ 'ಆರೋಗ್ಯವಾಗಿದೆ' ಎಂದು ಬರೆದುಕೊಂಡು ಹೋದ.

ಏಳನೆಯ ದಿನ ಉಜ್ವಲಾ ಬಾಗಿಲು ತೆರೆದಳು. ಪ್ರತಿ ಚೀಲದಲ್ಲೂ ಜೋಳ ಗಿಳಿಯ ಬಣ್ಣಕ್ಕೆ ತಿರುಗಿತ್ತು. ರಾಚಯ್ಯನಿಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು. ಎರಡೂ ಕೈ ಚಾಚಿದ. ಚೀಲ ಕೊಡುತ್ತ ಉಜ್ವಲಾ ಮೆಲ್ಲಗೆ ಅಂದಳು:

"ಮೀನಲ ಇದೇ ಖೋಲ್ಯಾಗ ಹುಟ್ಟಿದ್ಳರೀ ಮಾಮಾ. ಎರಡನೇದೂ ಹೆಣ್ಣಂತ ನೀವು ತಿಂಗಳತನಾ ಹೊಸ್ತಿಲಕ್ಕೂ ಬಂದಿದ್ದಿಲ್ಲ."

ಪದ್ಧತಿ ಎನ್ನಬಹುದಿತ್ತು. ಆದರೆ ಏಳು ದಿನ ಅದೇ ಹೊಸ್ತಿಲಿಗೆ ಅಂಟಿಕೊಂಡು ಕೂತವನೂ ಅವನೇ.

ನಾಲ್ಕು ವರ್ಷದ ಮೀನಲ ಅಂಗಳದಲ್ಲಿ ಆಡುತ್ತಿದ್ದಳು. ರಾಚಯ್ಯ ಮಲಕಮ್ಮನ ಕುಂಚಿಗೆ ತಂದು ಮೊಮ್ಮಗಳ ತಲೆಗೆ ಹಾಕಿದ. ಅದು ನೆತ್ತಿಯ ಮೇಲಷ್ಟೇ ಕೂತಿತು. ಕಂಕುಳಲ್ಲಿ ಜೋಳದ ಚೀಲ ಅವುಚಿಕೊಂಡು, ಇನ್ನೊಂದು ಕೈಯಿಂದ ಕುಂಚಿಗೆ ಬೀಳದಂತೆ ಒತ್ತಿ ಹಿಡಿದು, ಹೊಲದವರೆಗೂ ಅವಳ ಪಕ್ಕದಲ್ಲಿ ಬಾಗಿಕೊಂಡೇ ನಡೆದ.