ಒಂಬತ್ತೂಕಾಲರ ಬೆಲ್ಲು

ಮಳವಳ್ಳಿಯಿಂದ ಕಿರುಗಾವಲಿನ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಗದ್ದೆ ಶುರುವಾಗುವ ಜಾಗದಲ್ಲಿ ಒಂದು ಸಣ್ಣ ಡಿಗ್ರಿ ಕಾಲೇಜಿದೆ. ನಜ್ಮುನ್ನೀಸಾ ಅದರ ಅಧ್ಯಕ್ಷೆಯಾದಾಗ ಅಲ್ಲಿದ್ದ ವಿದ್ಯಾರ್ಥಿಗಳು ಎಪ್ಪತ್ತಮೂರು. ಕಾಲೇಜು ನಡೆಸುವ ಟ್ರಸ್ಟಿನಲ್ಲಿ ಬೇರೆ ಯಾರಿಗೂ ಆ ಕುರ್ಚಿ ಬೇಕಿರಲಿಲ್ಲ. ಆಕೆ ಓದಿದ್ದು ಪಿಯುಸಿವರೆಗೆ. ಗಂಡ ನಯಾಜ್ ಪಾಷಾ ಜೊತೆ ಇಪ್ಪತ್ತೈದು ವರ್ಷ ಪೇಟೆಯಲ್ಲಿ ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸಿದವರು. ಸ್ಟಾಫ್ ರೂಮಿನಲ್ಲಿ ಮೊದಲ ದಿನವೇ ಯಾರೋ, "ಇನ್ನು ನಮ್ಮ ಕಾಲೇಜಿಗೂ ಆಯಿಲ್ ಚೇಂಜು" ಎಂದು ನಕ್ಕಿದ್ದರು. ಅರ್ಥಶಾಸ್ತ್ರ ಕಲಿಸುವ ಬಿಂದುಶ್ರೀಯೂ ಅವರ ಜೊತೆ ನಕ್ಕಿದ್ದಳು.

ಹೊಸ ಅಧ್ಯಕ್ಷೆ ಒಬ್ಬೊಬ್ಬರನ್ನೇ ಕರೆಸಿ ಮಾತಾಡಿದರು. ಬಿಂದುಶ್ರೀ ರಿಸಲ್ಟಿನ ಪಟ್ಟಿ ಹಿಡಿದು ಹೋದಳು. ಅದನ್ನು ಅವರು ಬಿಡಿಸಿಯೂ ನೋಡಲಿಲ್ಲ.

"ಮೊದಲ್ನೇ ಪೀರಿಯಡ್ಡು ನಿಮ್ಮದೇ ಅಲ್ವಾ ಮೇಡಂ? ಎಷ್ಟು ಮಕ್ಳು ಇರ್ತಾರೆ?"

"ಅರ್ಧ ಮೇಡಂ. ಕೆಲವು ಸಲ ಅದೂ ಇಲ್ಲ."

"ಇನ್ನರ್ಧ ಆ ಹೊತ್ನಲ್ಲಿ ಎಲ್ಲಿರ್ತಾರೆ?"

ಮೂರು ವರ್ಷದಿಂದ ಹಾಜರಿ ಕರೆಯುತ್ತಿದ್ದ ಬಿಂದುಶ್ರೀಗೆ ಈ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ.

"ಗೊತ್ತಿಲ್ಲ ಮೇಡಂ."

"ನಂಗೂ ಗೊತ್ತಿಲ್ಲ. ನೋಡಣ ಬಿಡಿ" ಎಂದು ನಜ್ಮುನ್ನೀಸಾ ಎದ್ದರು.

ಮರುದಿನದಿಂದ ಅಧ್ಯಕ್ಷೆಯ ಕೋಣೆ ಖಾಲಿ. ಒಂದು ವಾರವಾಯಿತು, ಎರಡು ವಾರವಾಯಿತು. ಕಾಲೇಜಿನ ಹಳೇ ಜವಾನ ಶಿವಯ್ಯ ನಜ್ಮುನ್ನೀಸಾರನ್ನು ಬೆಳಿಗ್ಗೆ ಕಿರುಗಾವಲಿನ ಬಸ್ ಸ್ಟಾಪಿನಲ್ಲಿ ಕಂಡಿದ್ದ. ಕೈಯಲ್ಲೊಂದು ಸಣ್ಣ ನೋಟ್‌ಬುಕ್ಕು, ಬಸ್ಸು ಬಂದರೂ ಹತ್ತುತ್ತಿರಲಿಲ್ಲವಂತೆ. ಇನ್ನೊಂದು ದಿನ ಮದ್ದೂರಿನ ರಸ್ತೆಯಲ್ಲಿ ಯಾರದೋ ಜಗಲಿ ಮೇಲೆ ಕೂತಿದ್ದರಂತೆ. ಸ್ಟಾಫ್ ರೂಮಿನಲ್ಲಿ ಒಬ್ಬರು ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುತ್ತಾರೆ ಅಂದರು. ಇನ್ನೊಬ್ಬರು ಕಾಲೇಜಿನ ಜಾಗಕ್ಕೆ ಗಿರಾಕಿ ಹುಡುಕುತ್ತಿದ್ದಾರೆ ಅಂದರು. ಬಿಂದುಶ್ರೀಗೆ ಎರಡೂ ನಂಬಿಕೆಯಾಗಲಿಲ್ಲ. ಆದರೆ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿತ್ತು. ಒಂದು ಗುರುವಾರ ಪಾಠ ಮುಗಿಸಿ ಗೇಟಿಗೆ ಬಂದಾಗ, ಎದುರಿಗೆ ನಿಂತ ಬಸ್ಸನ್ನು ನಜ್ಮುನ್ನೀಸಾ ಹತ್ತುವುದು ಕಾಣಿಸಿತು. ಹಿಂದುಮುಂದು ನೋಡದೆ ತಾನೂ ಓಡಿಹೋಗಿ ಹತ್ತಿದಳು.

ಕದ್ದು ನೋಡುವ ಯೋಚನೆ ಎರಡೇ ನಿಮಿಷದಲ್ಲಿ ಮುಗಿಯಿತು. "ಬನ್ನಿ ಮೇಡಂ, ಇಲ್ಲಿ ಜಾಗ ಐತೆ" ಎಂದು ಅಧ್ಯಕ್ಷೆಯೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಎಲ್ಲಿಗೆ ಹೋಗ್ತಿದ್ದೀರಿ ಅಂತ ಕೇಳಬಹುದಾ?"

"ನಮ್ಮಲ್ಲಿ ಸೇರಿ ಅರ್ಧಕ್ಕೆ ಬಿಟ್ಟ ಹದಿನಾಲ್ಕು ಹೆಣ್ಮಕ್ಳ ಅಡ್ರೆಸ್ಸು ಆಫೀಸಲ್ಲಿ ತಗೊಂಡಿದೀನಿ. ಇವತ್ತು ಒಂಬತ್ತನೇ ಮನೆ. ಗಾಡಿ ಸ್ಟಾರ್ಟ್ ಆಗಲ್ಲ ಅಂತ ಬಂದೋರಿಗೆ ನಮ್ಮನೆಯವರು ಮೊದ್ಲೇ ಇಂಜಿನ್ ಬಿಚ್ತಿರ್ಲಿಲ್ಲ. ಟ್ಯಾಂಕಲ್ಲಿ ಪೆಟ್ರೋಲ್ ಐತಾ ನೋಡೋರು."

ಕಿರುಗಾವಲಿನಲ್ಲಿ ಇಳಿದು, ಕಬ್ಬಿನ ಗದ್ದೆಗಳ ನಡುವೆ ಇಪ್ಪತ್ತು ನಿಮಿಷ ನಡೆದರು. ಹಟ್ಟಿ ಮುಂದೆ ಅವರೆಕಾಯಿ ಬಿಡಿಸುತ್ತಿದ್ದ ಹೆಂಗಸು ಚಿಕ್ಕಬೋರಮ್ಮ. ಅವಳ ಮಗಳು ಸಿಂಚನ ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟಿದ್ದಳು. ಹೆಸರು ಕೇಳಿದ ಕೂಡಲೇ ಬಿಂದುಶ್ರೀಗೆ ಮುಖ ನೆನಪಾಯಿತು. ದಿನಾ ತಡವಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ ಹುಡುಗಿ. ಯಾಕೆ ತಡ ಎಂದು ಕೇಳಿದರೆ "ಬಸ್ಸು ಮೇಡಂ" ಎನ್ನುವ ಒಂದೇ ಉತ್ತರ.

"ನನ್ ಮಗ್ಳು ದಡ್ಡಿ ಅಲ್ಲ ಕಣಮ್ಮ" ಎಂದಳು ಚಿಕ್ಕಬೋರಮ್ಮ, ಕೈಕೆಲಸ ನಿಲ್ಲಿಸದೆ. "ಎಂಟ್ ಗಂಟೆ ಬಸ್ಸು ತುಂಬ್ಕಂಡು ಬತ್ತದೆ, ಕೈ ಅಡ್ಡ ಹಾಕುದ್ರೂ ನಿಲ್ಸಾಕಿಲ್ಲ. ಆಮ್ಯಾಕೆ ಬರೋದು ಒಂಬತ್ತಕ್ಕೆ. ಅದ್ರಾಗೆ ಓದ್ರೆ ಕಾಲೇಜ್ ತಾವ ಒಂಬತ್ತೂವರೆ. ಯಾವಳೋ ಒಬ್ಳು ಮೇಡಮ್ಮು ದಿನಾ ಬಾಗ್ಲು ಹಾಕ್ಕಳೋಳಂತೆ. ಆಜರಿ ಸಾಲ್ದು ಅಂತ ಪರೀಕ್ಸೆಗೇ ಕೂರುಸ್ನಿಲ್ಲ. ಈಗ ಮದ್ದೂರ್ ಕಡೆ ಗಾರ್ಮೆಂಟ್ಸ್‌ಗೆ ಓಯ್ತಾಳೆ. ಆ ವ್ಯಾನಾದ್ರೆ ಕರೆಕ್ಟಾಗಿ ಬತ್ತದೆ."

ನಜ್ಮುನ್ನೀಸಾ ಬಿಂದುಶ್ರೀ ಕಡೆ ತಿರುಗಿಯೂ ನೋಡಲಿಲ್ಲ. ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು, ಆ ಮನೆಯವರಿಗೆ ಅವಳ ಮುಖ ಗೊತ್ತಿರಲಿಲ್ಲ. ಆದರೆ ಬಿಂದುಶ್ರೀಗೆ ಅಲ್ಲಿ ನಿಂತಿರುವುದೇ ಕಷ್ಟವಾಯಿತು.

"ಆ ಮೇಡಂ ನಾನೇ ಕಣಮ್ಮ. ಅವಳು ಸುಳ್ಳು ಹೇಳ್ತಾಳೆ ಅಂತ ತಿಳ್ಕೊಂಡಿದ್ದೆ."

ಚಿಕ್ಕಬೋರಮ್ಮ ತಲೆಯೆತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀನಾ? ನೋಡುದ್ರೆ ಅಂಗ್ ಕಾಣಾಕಿಲ್ವಲ್ಲ" ಎಂದು ಎದ್ದು ಒಳಗೆ ಹೋದಳು. ಇನ್ನು ಹೊರಡಬೇಕೇನೋ ಎಂದು ಬಿಂದುಶ್ರೀ ಚಪ್ಪಲಿ ಮೆಟ್ಟುವಾಗ, ಚಿಕ್ಕಬೋರಮ್ಮ ಎರಡು ಲೋಟ ಮಜ್ಜಿಗೆ ಹಿಡಿದು ಬಂದಳು. "ಕುಡೀರಿ. ಬಿಸ್ಲಲ್ಲಿ ನಡ್ಕಂಡ್ ಬಂದಿದೀರಿ."

ವಾಪಸು ಬರುವಾಗ ಅಧ್ಯಕ್ಷೆ ನೋಟ್‌ಬುಕ್ಕು ತೋರಿಸಿದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಮಕ್ಕಳು ಹತ್ತಿದರು, ಎಷ್ಟು ಜನ ಕೆಳಗೇ ಉಳಿದರು, ಎಲ್ಲ ಬರೆದಿತ್ತು. ಒಂಬತ್ತು ಮನೆಗಳಲ್ಲಿ ಆರು ಮನೆಯ ಕಥೆ ಬಸ್ಸಿನದ್ದೇ.

ಮರುವಾರ ನಜ್ಮುನ್ನೀಸಾ ಮೇಷ್ಟ್ರುಗಳ ಸಭೆ ಕರೆದರು. ಬೆಲ್ಲನ್ನು ಒಂಬತ್ತೂಕಾಲರಿಂದ ಒಂಬತ್ತೂಮುಕ್ಕಾಲಿಗೆ ಹಾಕೋಣ, ಊಟದ ಬಿಡುವು ಕಮ್ಮಿ ಮಾಡಿ ಸಂಜೆ ಬಸ್ಸಿಗೆ ಸರಿಯಾಗಿ ಬಿಡೋಣ ಎಂದರು. ಪ್ರಿನ್ಸಿಪಾಲ್ ಕೆಂಪಸಿದ್ದಯ್ಯನವರಿಗೆ ರೇಗಿತು.

"ಶಿಸ್ತು ಅನ್ನೋದು ಒಂದು ಬೇಡವಾ ಮೇಡಂ? ಕಾಲೇಜು ಶುರುವಾದಾಗಿನಿಂದ ಇದೇ ಟೈಮು."

"ಸರಿ ಸಾರ್. ಈ ಒಂಬತ್ತೂಕಾಲು ಅಂತ ಇಟ್ಟಿದ್ದು ಯಾರು, ಯಾಕೆ?"

ಟೀ ಹಂಚುತ್ತಿದ್ದ ಶಿವಯ್ಯ ಕೆಮ್ಮಿದ. "ನಾ ಏಳ್ತೀನಿ ಕಣವ್ವ. ಮೊದ್ಲಿದ್ದ ಪ್ರಿನ್ಸಿಪಾಲ್ರು ಮೈಸೂರಿಂದ ಬತ್ತಿದ್ರು. ಅವ್ರ ಬಸ್ಸು ಒಂಬತ್ ಗಂಟೆಗೆ ಗೇಟ್ ತಾವ ನಿಲ್ತಿತ್ತು. ಇಳುದು ಕಾಪಿ ಕುಡುದು, ಬೆಲ್ ಒಡೀಲಾ ಸಿವಯ್ಯ ಅನ್ನೋರು."

"ಆ ಬಸ್ಸು ಈಗ?"

"ಅದು ನಿಂತೋಗಿ ಅನ್ನೆರ್ಡು ವರ್ಸ ಆಯ್ತು ಬುಡಿ."

ಆದರೂ ಕೆಂಪಸಿದ್ದಯ್ಯನವರು ಪಟ್ಟು ಬಿಡದೆ, ಮೇಷ್ಟ್ರುಗಳು ಒಪ್ಪಬೇಕಲ್ಲ ಎಂದರು. ಬಿಂದುಶ್ರೀ ಎದ್ದು ನಿಂತಳು. ಸಿಂಚನಳ ವಿಷಯವನ್ನು ಏನೂ ಮುಚ್ಚಿಡದೆ ಹೇಳಿದಳು. ಮೊದಲ ದಿನ ನಕ್ಕವರು ಯಾರೂ ಈಗ ನಗಲಿಲ್ಲ. ಒಂದು ಸೆಮಿಸ್ಟರ್ ನೋಡೋಣ ಎಂದು ಪ್ರಿನ್ಸಿಪಾಲರು ಕೈಚೆಲ್ಲಿದರು.

ಮೊದಲ ಪೀರಿಯಡ್ಡು ತುಂಬಲು ಒಂದು ತಿಂಗಳೂ ಹಿಡಿಯಲಿಲ್ಲ. ಆದರೆ ಬಿಟ್ಟುಹೋದ ಹದಿನಾಲ್ಕರಲ್ಲಿ ಮರಳಿ ಬಂದವರು ಐದೇ ಜನ. ನಾಲ್ವರಿಗೆ ಮದುವೆಯಾಗಿತ್ತು, ಉಳಿದವರು ಸಾಕು ಅಂದರು. ಸಿಂಚನ ಕೂಡ ಎರಡು ಸಲ ಬರುವುದಿಲ್ಲ ಅಂದಳು. ಮೂರನೇ ಸಲ ಬಿಂದುಶ್ರೀ ಒಬ್ಬಳೇ ಹೋಗಿ ಅವಳಲ್ಲಿ ತಪ್ಪಾಯಿತು ಎಂದು ಕೇಳಿಕೊಂಡ ಮೇಲೆ, ಮುಂದಿನ ಜೂನ್‌ನಲ್ಲಿ ಬಂದು ಹೆಸರು ಬರೆಸಿದಳು. ಓದು ಮುಗಿಸಿ ಈಗ ಮಂಡ್ಯದಲ್ಲಿ ಬಿ.ಎಡ್. ಮಾಡುತ್ತಿದ್ದಾಳೆ.

ಬಸ್ಸಿನ ಹೊತ್ತಿಗೆ ನಡೆಯುವ ಕಾಲೇಜು ಎನ್ನುವ ಮಾತು ಹಳ್ಳಿಯಿಂದ ಹಳ್ಳಿಗೆ ಹರಡಿತು. ಐದು ವರ್ಷದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಎಪ್ಪತ್ತಮೂರು ಹೋಗಿ ಮುನ್ನೂರ ತೊಂಬತ್ತಾಯಿತು. ಹಿಂದುಗಡೆ ನಾಲ್ಕು ಹೊಸ ಕೋಣೆಗಳು ಎದ್ದವು. ನಜ್ಮುನ್ನೀಸಾ ಇನ್ನೂ ತಮ್ಮ ಕೋಣೆಯಲ್ಲಿ ಸಿಗುವುದು ಅಪರೂಪ.

ಈಗ ಪ್ರತಿ ಮೇ ತಿಂಗಳಲ್ಲಿ ಮೇಷ್ಟ್ರುಗಳೂ ಹಳ್ಳಿ ಹಂಚಿಕೊಂಡು ಮನೆಮನೆಗೆ ಹೋಗುತ್ತಾರೆ. ಹೋದ ವರ್ಷ ಬಿಂದುಶ್ರೀ ಹೋಗಿದ್ದ ಒಂದು ಮನೆಯಲ್ಲಿ ಇಂದ್ರಮ್ಮ ಎನ್ನುವ ಮುದುಕಿ, "ನಮ್ಮನೇಲಿ ಓದೋ ಮಕ್ಳಿಲ್ಲ ಕಣವ್ವ" ಎಂದು ಕಳಿಸಿಬಿಟ್ಟಳು. ಬಿಂದುಶ್ರೀ ಬೀದಿಗೆ ಇಳಿದಿದ್ದಳು, ಅಷ್ಟರಲ್ಲಿ ಹಿಂದಿನಿಂದ ಮತ್ತೆ ಕೂಗು ಕೇಳಿತು.

"ಏ ಮೇಡಮ್ಮ, ಮದ್ವೆ ಆಗಿರೋ ಸೊಸೇರ್ನೂ ಸೇರುಸ್ಕತೀರಾ?"

ಬಿಂದುಶ್ರೀ ತಿರುಗಿ ಬಂದು ಜಗಲಿ ಮೇಲೆ ಕೂತಳು. "ಅವರನ್ನೇ ಕರೀರಿ ಅಮ್ಮ" ಎಂದಳು. "ಯಾವ ಹೊತ್ತಿಗೆ ಬಿಡುವಾಗುತ್ತೆ ಅಂತ ಮೊದಲು ಕೇಳೋಣ."