ಎರಡು ಗೂಡಿನ ಮಾತ್ರೆ

ಆ ಮನೆಯ ಗೋಡೆಯಲ್ಲಿ ಎರಡು ಗೂಡುಗಳಿದ್ದವು. ಬಾಗಿಲ ಪಕ್ಕದ ಗೂಡಿನಲ್ಲಿ ಚರ್ಮದ ಡಾಕ್ಟರ ಮಾತ್ರೆ, ಮಗ್ಗದ ಹಿಂದಿನ ಗೂಡಿನಲ್ಲಿ ಕೀಲಿನ ಡಾಕ್ಟರ ಮಾತ್ರೆ. ಒಂದರ ಡಬ್ಬಿ ಇನ್ನೊಂದರ ಗೂಡಿಗೆ ಹೋಗುವಂತಿರಲಿಲ್ಲ. ಒಬ್ಬ ವೈದ್ಯರ ಮುಂದೆ ಇನ್ನೊಬ್ಬರ ಔಷಧಿಯ ಮಾತೆತ್ತಿದರೆ ಇಬ್ಬರ ಕೈಗುಣವೂ ಹೋಗಿಬಿಡುತ್ತದೆ ಎಂಬುದು ಅತ್ತೆ ತನ್ನ ಅತ್ತೆಯಿಂದ ಕಲಿತ ಪಾಠ. ಸೊಸೆ ಬಂದ ಹೊಸತರಲ್ಲಿ ಒಲೆ ಹೊತ್ತಿಸುವ ರೀತಿ ಹೇಳಿಕೊಟ್ಟಷ್ಟೇ ಸಲೀಸಾಗಿ ಅದನ್ನೂ ಹೇಳಿಕೊಟ್ಟಿದ್ದಳು.

ಸೊಸೆಯ ಗಂಡ ನೇಕಾರ. ಮೊಣಕೈ, ಮಂಡಿಗಳ ಮೇಲಿನ ಚರ್ಮ ಬೆಳ್ಳಗೆ ಹಕ್ಕಳೆಗಟ್ಟಿ ಉದುರುತ್ತಿತ್ತು. ಕಪ್ಪು ಬಟ್ಟೆ ನೇಯ್ದ ದಿನ ಅದನ್ನು ಕೊಡವುವುದೇ ಅವಳಿಗೊಂದು ಕೆಲಸ. ಆಮೇಲೆ ಬೆರಳ ಗೆಣ್ಣುಗಳು ಊದಿಕೊಂಡು, ಲಾಳಿ ಹಿಡಿಯುವ ಕೈ ಬೆಳಗಿನ ಹೊತ್ತು ಮುಚ್ಚದಾಯಿತು. ಎರಡೂ ಕಡೆಯ ಮಾತ್ರೆ ಶುರುವಾದ ಮೇಲೆ ಹಕ್ಕಳೆ ತಗ್ಗಿತು, ಬೆರಳುಗಳೂ ಮಡಚತೊಡಗಿದವು.

"ನೋಡಿದ್ಯಾ, ಎರಡು ಕೈಗುಣ!" ಎಂದು ಅತ್ತೆ ಬೀಗಿದಳು.

ಹಿಗ್ಗು ಬಹಳ ಕಾಲ ಉಳಿಯಲಿಲ್ಲ. ಅವನ ಬಾಯೊಳಗೆ ಹುಣ್ಣೆದ್ದವು. ಸಂಜೆಯಾದರೆ ಜ್ವರ. ಕೆಮ್ಮು ಎದೆಯ ತಳದಿಂದ ಬರತೊಡಗಿತು.

"ಇಬ್ಬರಿಗೂ ಹೇಳಿಬಿಡೋಣ ಅತ್ತೆ," ಎಂದಳು ಸೊಸೆ.

"ಏನಂತ ಹೇಳ್ತೀಯಾ? ನಿಮ್ಮ ಮೇಲೆ ನಂಬಿಕೆ ಇಲ್ಲ, ಇನ್ನೊಬ್ಬರ ಹತ್ರಾನೂ ಹೋಗಿದ್ವಿ ಅಂತಲಾ? ಮುಖ ತಿರುಗಿಸಿಬಿಡ್ತಾರೆ."

"ತಿರುಗಿಸಲಿ. ಅವರ ಮುಖ ಏನು ಔಷಧಿನಾ?"

"ಹುಣ್ಣು ನಿನ್ನ ನಾಲಿಗೆ ಮೇಲೆ ಏಳಬೇಕಿತ್ತು ಕಣೇ!"

ಗಂಡ ಮಗ್ಗದ ಕಂಬಕ್ಕೊರಗಿ, "ಅಮ್ಮ ಹೇಳಿದ ಹಾಗೇ ಆಗಲಿ ಬಿಡೇ," ಎಂದು ಕಣ್ಣು ಮುಚ್ಚಿದ. ಸೊಸೆಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಗೋಡೆಯಾದರೂ ಒಂದಿಷ್ಟು ಮಣ್ಣು ಉದುರಿಸೀತು. ಈ ತಾಯಿ ಮಗ ಅಲುಗುವವರಲ್ಲ.

ಅವನು ಮಗ್ಗದ ಮುಂದೆಯೇ ಕುಸಿದ ದಿನ ಬಾಡಿಗೆ ಗಾಡಿಯಲ್ಲಿ ಕೀಲಿನ ಡಾಕ್ಟರಮ್ಮನ ಆಸ್ಪತ್ರೆಗೆ ಒಯ್ದರು. ಆಕೆ ಎದೆಗೆ ಕೊಳವೆಯಿಟ್ಟು ಆಲಿಸಿ, "ಬೇರೆ ಏನಾದ್ರೂ ಔಷಧಿ ತಗೋತಿದಾರಾ?" ಎಂದು ಕೇಳಿದರು.

"ಏನೂ ಇಲ್ಲಮ್ಮ, ನಿಮ್ಮದೊಂದೇ," ಅತ್ತೆ ಥಟ್ಟನೆ ಹೇಳಿದಳು.

ಸೊಸೆ ಚೀಲ ಬಿಚ್ಚಿ ಎರಡೂ ಡಬ್ಬಿಗಳನ್ನು ಮೇಜಿನ ಮೇಲೆ ಸುರಿದಳು. ಅತ್ತೆ ಬೆನ್ನು ಚಿವುಟಿದ್ದು ಚುರ್ರೆಂದಿತು, ಅವಳು ಕದಲಲಿಲ್ಲ.

ಡಾಕ್ಟರಮ್ಮ ಮಾತ್ರೆಗಳನ್ನು ತಿರುಗಿಸಿ ನೋಡಿದರು. "ಮೊದಲ ದಿನವೇ ಕೇಳಿದ್ದೆ, ಇಲ್ಲ ಅಂದ್ರಿ. ದೇಹದ ಕಾವಲು ಶಕ್ತಿ ಇವರ ಚರ್ಮ, ಕೀಲಿನ ಮೇಲೇ ಬಿದ್ದಿದೆ. ಅದನ್ನ ತಗ್ಗಿಸೋ ಮಾತ್ರೆಗಳಿವು, ಎರಡೂ. ಜೊತೆಗೆ ಕೊಡಲೇಬಾರದು ಅಂತೇನಿಲ್ಲ, ಕೆಲವರಿಗೆ ಕೊಡ್ತೀವಿ. ಆದ್ರೆ ಡಾಕ್ಟ್ರುಗಳು ಮಾತಾಡಿಕೊಂಡು, ಅಳತೆ ಹೊಂದಿಸಿ, ಆಗಾಗ ರಕ್ತ ಪರೀಕ್ಷೆ ಮಾಡಿಸ್ತಾ ಕೊಡಬೇಕು. ಜ್ವರ ಬಂದ ದಿನವೇ ಬರಬೇಕಿತ್ತು. ಈಗ ಎದೆಯಲ್ಲಿ ಸೋಂಕು ಕೂತಿದೆ."

"ಉಳೀತಾರಾ?" ಸೊಸೆ ಕೇಳಿದಳು.

"ನೋಡೋಣ. ಎಲ್ಲಾ ಗೊತ್ತಾದ್ರೆ ತಾನೇ ಯಾವುದನ್ನ ನಿಲ್ಲಿಸಬೇಕು, ಯಾವುದನ್ನ ತಟ್ಟನೆ ನಿಲ್ಲಿಸಬಾರದು ಅಂತ ತಿಳಿಯೋದು? ಇನ್ನೇನಾದ್ರೂ ಇದೆಯಾ?"

"ಇಲ್ಲ," ಎಂದಳು ಸೊಸೆ, ಧೈರ್ಯವಾಗಿ.

ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಅತ್ತೆ ಸೊಂಟದ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ತೆಗೆದಳು.

"ಬೀದಿ ಕೊನೆ ಅಂಗಡಿಯವನು ಕೊಟ್ಟ ನೋವಿನ ಪುಡಿ. ದಿನಾ ಬೆಳಿಗ್ಗೆ ಮಗನ ಹಾಲಿಗೆ ಹಾಕ್ತಿದ್ದೆ. ಅವನಿಗೂ ಗೊತ್ತಿಲ್ಲ. ಇದನ್ನೂ ಹೇಳಬೇಕೇನೇ?"

ಸೊಸೆಗೆ ಕಿರುಚಬೇಕೆನಿಸಿತು. ಅಷ್ಟು ದಿನ ಒಂದೇ ಒಲೆಯ ಮುಂದೆ ಕೂತಿದ್ದರೂ ಅವಳ ಕಣ್ಣಿಗೆ ಮಣ್ಣೆರಚಿ ಮೂರನೆಯದೊಂದು ಗೂಡು ಈ ಸೊಂಟದಲ್ಲೇ ಇತ್ತು. ಅತ್ತೆ ಪೊಟ್ಟಣವನ್ನು ಅವಳತ್ತ ಚಾಚಿದಳು. ಅವಳು ಕೈಯೊಡ್ಡಲಿಲ್ಲ.

"ನಾನು ಕೊಡಲ್ಲ ಅತ್ತೆ. ಬಚ್ಚಿಟ್ಟವರು ನೀವು. ನೀವೇ ಹೋಗಿ ತೋರಿಸಿ."

"ಕೈಗುಣ ಹೋಗುತ್ತಲ್ಲೇ..."

"ಹೋಗಲಿ. ನಿಮ್ಮ ಮಗ ಉಳೀಲಿ."

ಒಳಗಿನಿಂದ ಕೆಮ್ಮು ಕೇಳಿಸಿತು. ಮುದುಕಿ ಬೆಂಚಿನ ಅಂಚು ಹಿಡಿದು ಎದ್ದಳು. ಡಾಕ್ಟರಮ್ಮನ ಬಾಗಿಲ ಮುಂದೆ ನಿಂತು ಒಮ್ಮೆ ಹಿಂದಿರುಗಿ ನೋಡಿದಳು. ಸೊಸೆ ಕೂತಲ್ಲಿಂದ ಏಳಲಿಲ್ಲ.

ಪೊಟ್ಟಣ ಹಿಡಿದ ಕೈಯಿಂದಲೇ ಅತ್ತೆ ಬಾಗಿಲು ತಟ್ಟಿದಳು.